ದಪ್ಪ ಮಗುವನ್ನು ತೂಗುವ ಮೊದಲು ಕೇಳಬೇಕಾದ ಮಾತು

ಶಾಲೆ ಶುರುವಾದ ಕೆಲವು ವಾರಗಳಿಗೆ ಎತ್ತರ, ತೂಕ ಅಳೆಯುವ ದಿನವೊಂದು ಬರುತ್ತದೆ. ಪ್ರೋಗ್ರೆಸ್ ಕಾರ್ಡಿನಲ್ಲಿ ಅದಕ್ಕೊಂದು ಖಾನೆ ಇರುತ್ತದಲ್ಲ, ಅದನ್ನು ತುಂಬೋಕೆ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಒಬ್ಬರು ತೂಕದ ಮೆಷಿನ್ ನೋಡಿ ಜೋರಾಗಿ ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. 28. 31. 29. ಆಮೇಲೆ 56. ಹಿಂದೆ ಯಾರೋ ಕಿಸಕ್ಕನೆ ನಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಆ ಸಂಖ್ಯೆಯೇ ಮಗುವಿನ ಅಡ್ಡಹೆಸರಾಗಿರುತ್ತದೆ. ಮುಂದಿನ ಸಲ ಆ ದಿನ ಬಂದಾಗ ಬೆಳಗ್ಗೆ ಎದ್ದ ಕೂಡಲೇ ಮಗುವಿಗೆ ಹೊಟ್ಟೆನೋವು.

ಈ ಹೊಟ್ಟೆನೋವನ್ನು ನಾಟಕ ಅನ್ನುವವರೇ ಜಾಸ್ತಿ. ಆದರೆ ಮಕ್ಕಳ ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತು. ಮಗುವಿಗೆ ಹೇಳಿಕೊಳ್ಳಲಾಗದ ಸಂಕಟ ಇದ್ದರೆ ಅದು ಮೊದಲು ಹೊಟ್ಟೆಗೋ ತಲೆಗೋ ಬರುತ್ತದೆ. ನೋವು ನಿಜವಾಗಿಯೂ ಇರುತ್ತದೆ.

ಮಕ್ಕಳ ಬೊಜ್ಜಿನ ಬಗ್ಗೆ ನಮ್ಮಲ್ಲಿ ಈಗ ಮಾತು ಜೋರಾಗಿದೆ. ಜೋರಾಗಬೇಕಾದದ್ದೇ. 1990ರಲ್ಲಿ ಭಾರತದಲ್ಲಿ 5ರಿಂದ 19 ವರ್ಷದೊಳಗಿನ ಸುಮಾರು 4 ಲಕ್ಷ ಮಕ್ಕಳಿಗೆ ಬೊಜ್ಜಿತ್ತು. 2022ರ ಹೊತ್ತಿಗೆ ಅದು ಸುಮಾರು 1.25 ಕೋಟಿ ಆಗಿದೆ. ಇದು 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕ. ಪ್ರಪಂಚದಲ್ಲಿ ಮೊದಲ ಬಾರಿಗೆ, ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ತೂಕ ಕಮ್ಮಿ ಇರುವವರಿಗಿಂತ ಬೊಜ್ಜಿರುವವರೇ ಹೆಚ್ಚಾಗಿದ್ದಾರೆ ಅಂತ ಯುನಿಸೆಫ್ 2025ರ ಸೆಪ್ಟೆಂಬರಿನಲ್ಲಿ ಹೇಳಿತು. ಅದೇ ವರ್ಷ ಮೇ ತಿಂಗಳಲ್ಲಿ ಸಿಬಿಎಸ್ಇ ತನ್ನ ಶಾಲೆಗಳಿಗೆಲ್ಲ ‘ಶುಗರ್ ಬೋರ್ಡ್’ ಹಾಕಲು ಹೇಳಿತ್ತು. ಯಾವ ತಿಂಡಿಯಲ್ಲಿ, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಇದೆ ಅಂತ ಮಕ್ಕಳಿಗೆ ತೋರಿಸುವ ಬೋರ್ಡು ಅದು.

ಒಳ್ಳೆಯ ಕೆಲಸ. ಸಕ್ಕರೆ ಅಳೆದೆವು, ಎಣ್ಣೆ ಅಳೆದೆವು, ಮಗುವನ್ನೂ ಅಳೆದೆವು. ಆ ಮಗುವಿಗೆ ದಿನವೂ ಏನಾಗುತ್ತಿದೆ, ಯಾರು ಏನು ಅನ್ನುತ್ತಿದ್ದಾರೆ, ಯಾರು ಏನು ಮಾಡುತ್ತಿದ್ದಾರೆ ಅನ್ನುವುದನ್ನು ಮಾತ್ರ ಯಾರೂ ಕೇಳುತ್ತಿಲ್ಲ. ದಪ್ಪ ಮಗುವಿನ ಸಿಟ್ಟು, ಹಟ, ಮಂಕು, ಕದ್ದು ತಿನ್ನುವುದು ಇವೆಲ್ಲ ಬೊಜ್ಜಿನದೇ ಭಾಗ ಅಂತ ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಎಷ್ಟೋ ಸಲ ಅದು ಆ ಮಗುವಿನ ಮೇಲೆ ಆಗುತ್ತಿರುವ ಹಿಂಸೆಯ ಗುರುತು.

ಹಿಂಸೆ ಅಂದರೆ ಬರೀ ಏಟಲ್ಲ. ದಿನವೂ ಹೀಯಾಳಿಸುವುದು, ಹೆದರಿಸುವುದು, ಬೇಕಾದದ್ದನ್ನು ಕೊಡದೆ ನಿರ್ಲಕ್ಷಿಸುವುದು, ಲೈಂಗಿಕ ದೌರ್ಜನ್ಯ ಎಲ್ಲವೂ ಅದರಲ್ಲಿ ಬರುತ್ತವೆ. ಇದನ್ನು ಅನುಭವಿಸುವ ಮಕ್ಕಳು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ.

ಕೆಲವರು ಒಳಗೇ ಕುಗ್ಗುತ್ತಾರೆ. ಪಿಟಿ ಪೀರಿಯಡ್ ಇರುವ ದಿನ ಶಾಲೆ ತಪ್ಪಿಸುತ್ತಾರೆ. ಸುಡು ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚುವುದಿಲ್ಲ. ಊಟದ ಡಬ್ಬಿಯನ್ನು ಗೆಳೆಯರ ಎದುರು ತೆರೆಯುವುದಿಲ್ಲ, ಮನೆಗೆ ಬಂದು ಒಬ್ಬರೇ ಕೂತು ಗಬಗಬನೆ ತಿನ್ನುತ್ತಾರೆ. ಫೋಟೋ ಅಂದರೆ ಹಿಂದೆ ಹೋಗಿ ನಿಲ್ಲುತ್ತಾರೆ. ನಿದ್ದೆ ಕೆಡುತ್ತದೆ, ಓದು ಹಿಂದೆ ಬೀಳುತ್ತದೆ. ‘ನಾನು ಯಾಕಾದರೂ ಹುಟ್ಟಿದೆನೋ’ ಅನ್ನುವ ಮಾತು ಬರುತ್ತದೆ. ಆ ಮಾತು ಬಂದರೆ ಅದನ್ನು ಯಾವತ್ತೂ ಹಗುರವಾಗಿ ತೆಗೆದುಕೊಳ್ಳಬಾರದು.

ಇನ್ನು ಕೆಲವರು ಹೊರಗೆ ಸಿಡಿಯುತ್ತಾರೆ. ಹೊಡೆಯುತ್ತಾರೆ, ಕಚ್ಚುತ್ತಾರೆ, ಚಿಕ್ಕವರನ್ನು ಕಾಡುತ್ತಾರೆ, ಸುಳ್ಳು ಹೇಳುತ್ತಾರೆ. ಕೆನಡಾದಲ್ಲಿ 11ರಿಂದ 16 ವರ್ಷದ 5,749 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಬೊಜ್ಜಿರುವ ಮಕ್ಕಳು ಕಾಟಕ್ಕೆ ಗುರಿಯಾಗುವುದು ಹೆಚ್ಚು ಅನ್ನುವುದು ಅದರಲ್ಲಿ ಕಂಡಿತು. 15-16ರ ವಯಸ್ಸಿಗೆ ಬರುವಾಗ ಅವರಲ್ಲಿ ಕೆಲವರು ತಾವೇ ಕಾಟ ಕೊಡುವವರಾಗಿ ಬದಲಾಗುವುದೂ ಕಂಡಿತು. ವರ್ಷಗಟ್ಟಲೆ ಅನಿಸಿಕೊಂಡ ಹುಡುಗ ಒಂದು ದಿನ ತನ್ನ ಮೈಯನ್ನೇ ಆಯುಧ ಮಾಡಿಕೊಳ್ಳುತ್ತಾನೆ. ಆಗ ಹೆಡ್‌ಮಾಸ್ಟರ್ ರೂಮಿಗೆ ಹೋಗುವವನು ಅವನೊಬ್ಬನೇ. ಮೊದಲು ಅಂದವರ ಹೆಸರು ಎಲ್ಲೂ ದಾಖಲಾಗುವುದಿಲ್ಲ.

ಮೂರನೆಯ ಬಗೆಯೂ ಒಂದಿದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ತನ್ನನ್ನು ತಾನೇ ಗೇಲಿ ಮಾಡಿಕೊಂಡು ಎಲ್ಲರನ್ನೂ ನಗಿಸುವ ಮಗು. ‘ಅವನಿಗೇನೂ ಬೇಜಾರಿಲ್ಲ ಬಿಡಿ, ಅವನೇ ಜೋಕ್ ಮಾಡ್ತಾನೆ’ ಅಂತ ಟೀಚರೂ ನಗುತ್ತಾರೆ. ಬೇರೆಯವರು ಅನ್ನುವ ಮೊದಲು ತಾನೇ ಅಂದುಕೊಂಡರೆ ನೋವು ಸ್ವಲ್ಪ ಕಮ್ಮಿ ಅಂತ ಆ ಮಗು ಕಂಡುಕೊಂಡಿರುತ್ತದೆ, ಅಷ್ಟೇ.

ಈ ಸಂಕಟ ಎಷ್ಟು ದೊಡ್ಡದು? ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಜೆಫ್ರಿ ಶ್ವಿಮ್ಮರ್ ಮತ್ತು ಜೊತೆಗಾರರು ತೀವ್ರ ಬೊಜ್ಜಿದ್ದ 106 ಮಕ್ಕಳ ಬದುಕು ಹೇಗಿದೆ ಅಂತ ಅಳೆದರು. ಮೈ, ಮನಸ್ಸು, ಗೆಳೆತನ, ಶಾಲೆ ಎಲ್ಲ ಸೇರಿಸಿ. 2003ರಲ್ಲಿ ಬಂದ ಆ ವರದಿ ಹೇಳಿದ್ದು ಇಷ್ಟು: ಈ ಮಕ್ಕಳ ಬದುಕಿನ ಗುಣಮಟ್ಟ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳಷ್ಟೇ ಕೆಳಗಿದೆ. ಕ್ಯಾನ್ಸರ್ ಬಂದ ಮಗುವಿಗೆ ಇಡೀ ಊರು ಮರುಗುತ್ತದೆ. ಈ ಮಗುವಿಗೆ ‘ಬಾಯಿ ಕಟ್ಟು’ ಅನ್ನುತ್ತದೆ.

ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಮಗು ಮೂರು ವರ್ಷದ್ದಿದ್ದಾಗ ದಪ್ಪಗಿದ್ದರೆ ಎಲ್ಲರಿಗೂ ಖುಷಿ. ‘ಗುಂಡು ಗುಂಡಾಗಿ ಎಷ್ಟು ಮುದ್ದಾಗಿದೆ’ ಅಂತ ಕೆನ್ನೆ ಹಿಂಡುತ್ತಾರೆ, ದೃಷ್ಟಿ ತೆಗೆಯುತ್ತಾರೆ. ಇನ್ನೊಂದು ತುತ್ತು, ಇನ್ನೊಂದು ಚಮಚ ತುಪ್ಪ. ಅದೇ ಮಗು ಹತ್ತಕ್ಕೆ ಬಂದಾಗ ಅದೇ ಜನ ತಟ್ಟೆ ನೋಡುತ್ತಾರೆ. ‘ಮೈ ಬೆಳೆದ್ರೆ ಸಾಕಾ, ಬುದ್ಧಿ ಬೇಡ್ವಾ?’ ಹುಡುಗಿಯಾದರಂತೂ ‘ನಾಳೆ ನಿನ್ನ ಯಾರು ಮದುವೆ ಆಗ್ತಾರೆ?’ ಮದುವೆ ಮನೆ, ನಾಮಕರಣ, ಗೃಹಪ್ರವೇಶ ಎಲ್ಲಿ ಹೋದರೂ ಈ ಮಾತು ತಪ್ಪಿದ್ದಲ್ಲ. ಯಾವಾಗ, ಯಾಕೆ ಎಲ್ಲ ಬದಲಾಯಿತು ಅಂತ ಮಗುವಿಗೆ ಯಾರೂ ಹೇಳುವುದಿಲ್ಲ. ತನ್ನಲ್ಲೇ ಏನೋ ಕೆಟ್ಟದ್ದಿದೆ ಅಂತ ಅದು ನಂಬುತ್ತದೆ. ತಿನ್ನಿಸಿದವರು ದೊಡ್ಡವರು, ಬೈಗುಳ ತಿನ್ನುವುದು ಮಗು. ಇದು ಅನ್ಯಾಯ ಅಲ್ವಾ?

ಕತ್ತಿನ ವಿಷಯವನ್ನು ಇಲ್ಲಿ ಹೇಳಲೇಬೇಕು. ಬೊಜ್ಜಿರುವ ಎಷ್ಟೋ ಮಕ್ಕಳ ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ, ಮಖಮಲ್ಲಿನ ಹಾಗೆ ದಪ್ಪಗಾಗುತ್ತದೆ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಅದಕ್ಕೇ ಜಾಸ್ತಿ ಜಾಸ್ತಿ ತಯಾರಾಗುತ್ತಿದೆ ಅನ್ನುವುದರ ಗುರುತು ಅದು. ಅಕಾಂಥೋಸಿಸ್ ನೈಗ್ರಿಕನ್ಸ್ ಅಂತ ಹೆಸರು. ಕೊಳೆಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಮನೆಯಲ್ಲಿ ನಡೆಯುವುದು ಏನು? ‘ಸ್ನಾನ ಸರಿಯಾಗಿ ಮಾಡಲ್ಲ, ಗಲೀಜು’ ಅಂತ ಬೈಗುಳ. ಮೈಯುಜ್ಜುವ ಬ್ರಶ್ ಹಿಡಿದು, ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಚರ್ಮ ಉರಿಯುವ ತನಕ ತಿಕ್ಕುವುದು. ಉಜ್ಜಿದಷ್ಟೂ ಚರ್ಮ ಇನ್ನಷ್ಟು ಕಪ್ಪಾಗುತ್ತದೆ. ಶಾಲೆಯಲ್ಲಿ ಹಿಂದಿನ ಬೆಂಚಿನವರು ಅದನ್ನು ನೋಡಿ ನಗುತ್ತಾರೆ. ತಾಯಿ ಕೆಟ್ಟವಳಲ್ಲ, ಅವಳಿಗೆ ಯಾರೂ ತಿಳಿಸಿಲ್ಲ. ಡಾಕ್ಟರ ಹತ್ತಿರ ಎರಡು ನಿಮಿಷ ಮಾತಾಡಿದ್ದರೆ ಮಗು ವರ್ಷಗಟ್ಟಲೆಯ ಉಜ್ಜಾಟದಿಂದಲೂ ಅವಮಾನದಿಂದಲೂ ಪಾರಾಗುತ್ತಿತ್ತು.

ಕಾಟ ಕೊಡುವವರು ಯಾರು ಅನ್ನುವುದಕ್ಕೆ ಒಂದು ಅಧ್ಯಯನ ನೇರವಾಗಿ ಉತ್ತರ ಕೊಟ್ಟಿದೆ. ಅಮೆರಿಕದ ರೆಬೆಕಾ ಪುಲ್ ಮತ್ತು ಜೊತೆಗಾರರು ತೂಕ ಇಳಿಸುವ ಶಿಬಿರಗಳಿಗೆ ಬಂದ 361 ಹದಿಹರೆಯದವರನ್ನು ಕೇಳಿದರು. ಅವರಲ್ಲಿ 64% ಜನ ತೂಕದ ಕಾರಣಕ್ಕೆ ಶಾಲೆಯಲ್ಲಿ ಕಾಟ ಅನುಭವಿಸಿದ್ದರು. ಕೊಟ್ಟವರು ಯಾರು ಅಂದರೆ 92% ಮಂದಿ ಓರಗೆಯವರ ಕಡೆ ಬೆರಳು ತೋರಿಸಿದರು, 70% ಮಂದಿ ಗೆಳೆಯರ ಕಡೆ. ಅಷ್ಟು ಊಹಿಸಬಹುದು. 42% ಮಂದಿ ಪಿಟಿ ಟೀಚರ್ ಮತ್ತು ಕೋಚ್‌ಗಳನ್ನು, 37% ಮಂದಿ ಅಪ್ಪ ಅಮ್ಮನನ್ನು, 27% ಮಂದಿ ಪಾಠದ ಟೀಚರನ್ನು ಹೆಸರಿಸಿದರು. ಅಂದರೆ ದೂರು ಹೇಳಿಕೊಳ್ಳಬೇಕಾದ ಜಾಗವೇ ಕಾಟದ ಜಾಗ.

ನಮ್ಮ ದೇಶದಲ್ಲಿ ತೂಕದ ಲೆಕ್ಕ ಬಿಟ್ಟು ಒಟ್ಟಾರೆ ಮಕ್ಕಳ ಮೇಲಿನ ಹಿಂಸೆಯನ್ನು ನೋಡಿದರೂ ಚಿತ್ರ ಸಮಾಧಾನದ್ದಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ 2007ರಲ್ಲಿ ವರದಿ ಕೊಟ್ಟಿತ್ತು. ಮೂವರಲ್ಲಿ ಇಬ್ಬರು ಏಟು ತಿಂದಿದ್ದರು. ಇಬ್ಬರಲ್ಲಿ ಒಬ್ಬರು ಮಾತಿನ, ಮನಸ್ಸಿನ ಹಿಂಸೆ ಅನುಭವಿಸಿದ್ದರು, ಅದರಲ್ಲಿ 83% ಪ್ರಕರಣಗಳಲ್ಲಿ ಕೊಟ್ಟವರು ಹೆತ್ತವರೇ. 53% ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರು. ವರದಿ ಹಳೆಯದು. ಆದರೆ ಅಷ್ಟು ದೊಡ್ಡ ಮಟ್ಟದಲ್ಲಿ ಮಕ್ಕಳನ್ನೇ ಕೇಳಿ ಬರೆದದ್ದು ಅನ್ನುವ ಕಾರಣಕ್ಕೆ ಅದರ ತೂಕ ಇನ್ನೂ ಕಮ್ಮಿಯಾಗಿಲ್ಲ.

ಇಲ್ಲಿಯ ತನಕ ಹೇಳಿದ್ದು ದಪ್ಪಗಿರುವುದರಿಂದ ಹಿಂಸೆ ಆಗುವುದರ ಬಗ್ಗೆ. ಇದರ ತಿರುವುಮುರುವು ಇನ್ನೂ ಕಷ್ಟದ ವಿಷಯ. ಹಿಂಸೆಯಿಂದಲೇ ಮಗು ದಪ್ಪಗಾಗಬಹುದು.

ಇದು ಗಮನಕ್ಕೆ ಬಂದದ್ದು ಬಹುಮಟ್ಟಿಗೆ ಅಕಸ್ಮಾತ್ತಾಗಿ. 1980ರ ದಶಕದಲ್ಲಿ ವಿನ್ಸೆಂಟ್ ಫೆಲಿಟ್ಟಿ ಅನ್ನುವ ವೈದ್ಯರು ಸ್ಯಾನ್ ಡಿಯಾಗೋದ ಕೈಸರ್ ಪರ್ಮನೆಂಟೆ ಅನ್ನುವ ಆರೋಗ್ಯ ಸಂಸ್ಥೆಯಲ್ಲಿ ಬೊಜ್ಜಿನ ಕ್ಲಿನಿಕ್ ನಡೆಸುತ್ತಿದ್ದರು. ಜನ ಚೆನ್ನಾಗಿಯೇ ತೂಕ ಇಳಿಸಿಕೊಳ್ಳುತ್ತಿದ್ದರು. ವಿಚಿತ್ರ ಅಂದರೆ, ಚೆನ್ನಾಗಿ ಇಳಿಸಿಕೊಂಡವರೇ ನಡುವೆ ಬಿಟ್ಟು ಹೋಗುತ್ತಿದ್ದರು. ಒಬ್ಬ ಹೆಂಗಸು ಸುಮಾರು 185 ಕೆಜಿಯಿಂದ 60 ಕೆಜಿಗೆ ಇಳಿದಿದ್ದಳು. ಆಮೇಲೆ ಮೂರೇ ವಾರದಲ್ಲಿ 17 ಕೆಜಿಯಷ್ಟು ವಾಪಸ್ ಬಂತು. ಕೇಳುತ್ತಾ ಹೋದಾಗ ತಿಳಿದದ್ದು: ತೂಕ ಇಳಿದ ಮೇಲೆ ಜೊತೆ ಕೆಲಸ ಮಾಡುವವನೊಬ್ಬ ಅವಳ ಮೇಲೆ ಕಣ್ಣು ಹಾಕಿದ್ದ. ಚಿಕ್ಕಂದಿನಲ್ಲಿ ಅವಳ ಅಜ್ಜನೇ ಅವಳ ಮೇಲೆ ದೌರ್ಜನ್ಯ ಮಾಡಿದ್ದ. ಫೆಲಿಟ್ಟಿ ಆಮೇಲೆ 286 ಜನರನ್ನು ವಿವರವಾಗಿ ಮಾತಾಡಿಸಿದರು. ಅರ್ಧಕ್ಕಿಂತ ಹೆಚ್ಚು ಜನ ಬಾಲ್ಯದ ಲೈಂಗಿಕ ದೌರ್ಜನ್ಯದ ಕಥೆ ಹೇಳಿದರು. ದಪ್ಪಗಿದ್ದರೆ ಯಾರೂ ನಮ್ಮನ್ನು ನೋಡುವುದಿಲ್ಲ, ನಮಗೆ ಬೇಕಿರುವುದೂ ಅದೇ ಅನ್ನುವ ಅರ್ಥದ ಮಾತುಗಳು ಬಂದವು. ಡಾಕ್ಟರಿಗೆ ರೋಗವಾಗಿ ಕಂಡದ್ದು ಅವರಿಗೆ ರಕ್ಷಣೆಯಾಗಿತ್ತು.

ಇದರಿಂದಲೇ ಮುಂದೆ ರಾಬರ್ಟ್ ಆಂಡಾ ಅವರ ಜೊತೆ ಸೇರಿ, 17,000ಕ್ಕೂ ಹೆಚ್ಚು ಜನರ ಬಾಲ್ಯವನ್ನು ಕೇಳಿ ನೋಡಿದ ದೊಡ್ಡ ಅಧ್ಯಯನ ಹುಟ್ಟಿತು. 1998ರಿಂದ ಅದರ ಫಲಿತಾಂಶ ಬರಲು ಶುರುವಾಯಿತು. ಬಾಲ್ಯದಲ್ಲಿ ಕಷ್ಟ ಹೆಚ್ಚಾದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತ, ಹೃದ್ರೋಗ, ತೀವ್ರ ಬೊಜ್ಜು ಹೆಚ್ಚು ಅಂತ ಅದು ತೋರಿಸಿತು. ಜೆನ್ನಿ ನೋಲ್ ಮತ್ತು ಪೆನೆಲೊಪಿ ಟ್ರಿಕೆಟ್ ಅವರ ತಂಡ, ಲೈಂಗಿಕ ದೌರ್ಜನ್ಯಕ್ಕೊಳಗಾದ ಹುಡುಗಿಯರನ್ನು ಚಿಕ್ಕಂದಿನಿಂದ ಇಪ್ಪತ್ತರ ಹರೆಯದವರೆಗೂ ಹಿಂಬಾಲಿಸಿ ನೋಡಿತು. ಆ ಹೊತ್ತಿಗೆ ಅವರಲ್ಲಿ ಸುಮಾರು 42% ಜನರಿಗೆ ಬೊಜ್ಜಿತ್ತು. ಅಂಥದ್ದು ಆಗದವರಲ್ಲಿ ಸುಮಾರು 28%. ಚಿಕ್ಕಂದಿನಲ್ಲಿ ಎರಡೂ ಗುಂಪಿನ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಹಾಗಂತ ಪ್ರತಿಯೊಂದು ದಪ್ಪ ಮಗುವಿನ ಮನೆಯಲ್ಲೂ ಏನೋ ನಡೆದಿದೆ ಅಂತ ಅನುಮಾನ ಪಡುವುದು ತಪ್ಪು. 41 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ಡನೀಸೆ ಮತ್ತು ಟಾನ್ ಅವರ 2014ರ ವಿಶ್ಲೇಷಣೆಯ ಪ್ರಕಾರ ಬಾಲ್ಯದ ಹಿಂಸೆಯಿಂದ ಬೊಜ್ಜು ಬರುವ ಸಾಧ್ಯತೆ ಸುಮಾರು 36% ಹೆಚ್ಚುತ್ತದೆ. ಇದು ಸಣ್ಣದಲ್ಲ, ಆದರೆ ಇದೊಂದೇ ಕಾರಣವೂ ಅಲ್ಲ. ಹೆಚ್ಚಿನ ಮಕ್ಕಳ ಬೊಜ್ಜಿಗೆ ಆಹಾರ, ಅನುವಂಶಿಕತೆ, ನಿದ್ದೆ, ಆಟದ ಮೈದಾನ ಇಲ್ಲದಿರುವುದು ಎಲ್ಲ ಸೇರಿರುತ್ತವೆ. ಕೇಳಿ ನೋಡಿ ಅನ್ನುವುದಷ್ಟೇ ನನ್ನ ಮಾತು, ಮೊದಲೇ ತೀರ್ಪು ಕೊಡಿ ಅಂತಲ್ಲ.

ಹಿಂಸೆ ತೂಕವಾಗುವುದು ಹೇಗೆ? ಹೆದರಿಕೆಯಲ್ಲಿ ಬದುಕುವ ಮಗುವಿನ ಮೈಯಲ್ಲಿ ಕಾರ್ಟಿಸೋಲ್ ಅನ್ನುವ ಹಾರ್ಮೋನಿನ ಏರುಪೇರು ಆಗುತ್ತಲೇ ಇರುತ್ತದೆ. ಅದು ಹಸಿವನ್ನು ಕೆರಳಿಸುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂರಿಸುತ್ತದೆ. ನಿದ್ದೆ ಕೆಟ್ಟರೆ ಹಸಿವು ಇನ್ನೂ ಜಾಸ್ತಿ. ಸಿಹಿ, ಕರಿದದ್ದು ತಿಂದಾಗ ಸ್ವಲ್ಪ ಹೊತ್ತು ಮನಸ್ಸು ತಣ್ಣಗಾಗುತ್ತದೆ. ಬೇರೆ ಯಾವ ಸಮಾಧಾನವೂ ಸಿಗದ ಮಗು ಇದನ್ನು ಬೇಗ ಕಲಿಯುತ್ತದೆ. ಆಟಕ್ಕೆ ಹೋದರೆ ಗೇಲಿ, ಆದ್ದರಿಂದ ಆಟ ನಿಲ್ಲುತ್ತದೆ. ಆಮೇಲೆ ಹಾಸಿಗೆಯ ಕೆಳಗೆ ಚಾಕೊಲೇಟಿನ, ಚಿಪ್ಸಿನ ಖಾಲಿ ಪ್ಯಾಕೆಟ್ಟುಗಳು ಸಿಗುತ್ತವೆ. ‘ಕಳ್ಳತನ ಬೇರೆ ಕಲಿತಿದ್ದೀಯ’ ಅಂತ ಏಟು ಬೀಳುತ್ತದೆ. ಆ ಏಟೇ ಮುಂದಿನ ಪ್ಯಾಕೆಟ್ಟಿಗೆ ಕಾರಣ.

ಬೈದರೆ ನಾಚಿಕೆಯಿಂದಾದರೂ ಇಳಿಸಿಕೊಳ್ಳುತ್ತಾರೆ ಅನ್ನುವ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಅಮೆರಿಕದ 2,379 ಹುಡುಗಿಯರ ಮಾಹಿತಿ ಇಟ್ಟುಕೊಂಡು ಜೆಫ್ರಿ ಹಂಗರ್ ಮತ್ತು ಜಾನೆಟ್ ಟೋಮಿಯಾಮಾ 2014ರಲ್ಲಿ ಇದನ್ನು ಪರೀಕ್ಷಿಸಿದರು. ‘ನೀನು ತುಂಬಾ ದಪ್ಪ’ ಅಂತ 10ನೇ ವಯಸ್ಸಿನೊಳಗೆ ಯಾರಿಂದಲಾದರೂ ಅನಿಸಿಕೊಂಡ ಹುಡುಗಿಯರಿಗೆ 19ಕ್ಕೆ ಬೊಜ್ಜು ಇರುವ ಸಾಧ್ಯತೆ ಹೆಚ್ಚಿತ್ತು. 10ನೇ ವಯಸ್ಸಿನಲ್ಲಿ ಇದ್ದ ನಿಜವಾದ ತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹಾಗೇ. ಮಾತು ಅಪ್ಪ ಅಮ್ಮ, ಒಡಹುಟ್ಟಿದವರಿಂದ ಬಂದಿದ್ದರೆ ಪರಿಣಾಮ ಇನ್ನೂ ಜಾಸ್ತಿ.

‘ಹಾಗಾದರೆ ಏನೂ ಹೇಳಬಾರದಾ? ಸುಮ್ನೆ ಬಿಟ್ಟುಬಿಡಬೇಕಾ?’ ಅಂತ ಎಷ್ಟೋ ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಿಡಬಾರದು. ಮಕ್ಕಳಿಗೇ ಈಗ ಲಿವರಿನಲ್ಲಿ ಕೊಬ್ಬು, ಟೈಪ್ 2 ಡಯಾಬಿಟಿಸ್, ಹುಡುಗಿಯರಿಗೆ ಹಾರ್ಮೋನ್ ಏರುಪೇರಿನ ಪಿಸಿಒಎಸ್ ಬರುತ್ತಿವೆ. ಆದರೆ ಬದಲಾವಣೆ ಮಗುವಿನ ತಟ್ಟೆಯಲ್ಲಿ ಮಾತ್ರ ಆದರೆ ಅದು ಶಿಕ್ಷೆ. ತೆಳ್ಳಗಿರುವ ತಮ್ಮನಿಗೆ ಮೈಸೂರು ಪಾಕ್, ಅಕ್ಕನಿಗೆ ಸೌತೆಕಾಯಿ ಅನ್ನುವ ಮನೆಯಲ್ಲಿ ಅಕ್ಕ ಕದ್ದೇ ತಿನ್ನುತ್ತಾಳೆ. ಮನೆಗೆ ತರುವುದೇ ಕಮ್ಮಿ ಮಾಡಿ, ಎಲ್ಲರೂ ಒಂದೇ ಅಡುಗೆ ಉಣ್ಣಿ, ಎಲ್ಲರೂ ಸಂಜೆ ನಡೆಯಿರಿ. ತೂಕದ ಮಾತನ್ನು ನೆಂಟರ ಎದುರು ಎತ್ತಲೇಬೇಡಿ. ಅವರೇ ಎತ್ತಿದರೆ ಅಲ್ಲೇ ತಡೆಯಿರಿ: ‘ಅತ್ತೆ, ಆ ವಿಷಯ ನಾವು ಡಾಕ್ಟರ ಹತ್ತಿರ ನೋಡಿಕೊಳ್ಳುತ್ತಿದ್ದೇವೆ, ಬೇರೆ ಮಾತಾಡೋಣ.’ ತನ್ನ ಪರವಾಗಿ ಒಬ್ಬರು ಮಾತಾಡಿದ್ದು ಮಗು ಮರೆಯುವುದಿಲ್ಲ.

ಸಿಟ್ಟು, ಮಂಕು ಎಲ್ಲವೂ ಮನಸ್ಸಿನಿಂದಲೇ ಅಂತಲೂ ಅಂದುಕೊಳ್ಳಬಾರದು. ಬೊಜ್ಜಿರುವ ಮಗು ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾ, ನಡುನಡುವೆ ಉಸಿರು ಕಟ್ಟಿ ಎಚ್ಚರವಾಗುತ್ತಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಅಂಥ ಮಕ್ಕಳು ಹಗಲು ಕಿರಿಕಿರಿ ಮಾಡುತ್ತಾರೆ, ಪಾಠದಲ್ಲಿ ಗಮನ ನಿಲ್ಲುವುದಿಲ್ಲ. ಅದಕ್ಕೆ ಚಿಕಿತ್ಸೆ ಇದೆ. ಡಾಕ್ಟರಿಗೆ ಗೊರಕೆಯ ವಿಷಯ ತಪ್ಪದೆ ಹೇಳಿ.

ಕ್ಲಿನಿಕ್ಕಿನಲ್ಲಿ ಆಗಬೇಕಾದ ದೊಡ್ಡ ಬದಲಾವಣೆ ಅಂದರೆ, ಡಾಕ್ಟರು ಮಗುವಿನ ಜೊತೆ ಒಂಟಿಯಾಗಿ ಐದು ನಿಮಿಷ ಮಾತಾಡುವುದು. ಹದಿಹರೆಯದವರಿಗಂತೂ ಇದು ಬೇಕೇ ಬೇಕು. ಈಗ ನಡೆಯುವುದು ಹೀಗೆ: ತಾಯಿ ಹೇಳುತ್ತಾರೆ, ಡಾಕ್ಟರು ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳುವ ಬಿಎಂಐ ಚಾರ್ಟ್ ನೋಡುತ್ತಾರೆ, ಡಯಟ್ ಚೀಟಿ ಕೊಡುತ್ತಾರೆ, ಮಗು ನೆಲ ನೋಡುತ್ತಾ ಕೂತಿರುತ್ತದೆ. ‘ಶಾಲೆಯಲ್ಲಿ ಯಾರಾದರೂ ಏನಾದರೂ ಅಂತಾರಾ? ಮನೆಯಲ್ಲಿ ಹೆದರಿಕೆ ಆಗುತ್ತಾ? ನಿನಗೆ ಇಷ್ಟವಿಲ್ಲದ ಹಾಗೆ ಯಾರಾದರೂ ಮುಟ್ಟುತ್ತಾರಾ?’ ಇಷ್ಟು ಕೇಳಲು ಯಾವ ಮೆಷಿನ್ನೂ ಬೇಡ. ಇದ್ದಕ್ಕಿದ್ದ ಹಾಗೆ, ಕೆಲವೇ ತಿಂಗಳಲ್ಲಿ ತೂಕ ಏರಿ, ಅದೇ ಹೊತ್ತಿಗೆ ಸ್ವಭಾವವೂ ಬದಲಾಗಿದ್ದರೆ ಈ ಪ್ರಶ್ನೆಗಳನ್ನು ಬಿಡಲೇಬಾರದು.

ಶಾಲೆಯ ವಿಷಯಕ್ಕೆ ಬಂದರೆ ಕಾನೂನು ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ಏಟು ಕೊಡುವುದನ್ನು ಮಾತ್ರ ಅಲ್ಲ, ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸುತ್ತದೆ. ತರಗತಿಯ ಎದುರು ಮಗುವಿನ ಮೈ ಬಗ್ಗೆ ಆಡಿಕೊಳ್ಳುವ ಮೇಷ್ಟ್ರು ತಮಾಷೆ ಮಾಡುತ್ತಿಲ್ಲ, ಕಾನೂನು ಮೀರುತ್ತಿದ್ದಾರೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಮಗುವಿನ ಹೊಣೆ ಹೊತ್ತವರೇ ಅದಕ್ಕೆ ಕ್ರೌರ್ಯ ಎಸಗಿದರೆ ಶಿಕ್ಷೆ ಹೇಳುತ್ತದೆ, ಅದರಲ್ಲಿ ಮನಸ್ಸಿಗೆ ಕೊಡುವ ನೋವೂ ಸೇರಿದೆ. ಶುಗರ್ ಬೋರ್ಡ್ ಹಾಕುವ ಶಾಲೆಗಳು ಅದರ ಜೊತೆಗೆ ಇನ್ನೊಂದು ಕೆಲಸ ಮಾಡಬಹುದು. ತೂಕವನ್ನು ಪರದೆಯ ಹಿಂದೆ, ಒಬ್ಬೊಬ್ಬರನ್ನೇ ಕರೆದು ನೋಡಿ, ಸಂಖ್ಯೆಯನ್ನು ಬಾಯಲ್ಲಿ ಹೇಳದೆ ಬರೆದುಕೊಳ್ಳಬಹುದು. ಇದಕ್ಕೆ ಖರ್ಚೂ ಇಲ್ಲ, ಸುತ್ತೋಲೆಯೂ ಬೇಡ. ಬೋರ್ಡಿನ ಪಾಠ ಮಾಡುವಾಗ ತರಗತಿಯ ಕಣ್ಣೆಲ್ಲ ಒಂದೇ ಮಗುವಿನ ಕಡೆ ತಿರುಗುತ್ತದೆಯಾ ಅಂತ ಟೀಚರು ಗಮನಿಸಬೇಕು. ತಿರುಗಿದರೆ ಪಾಠ ಅಲ್ಲಿಗೇ ನಿಲ್ಲಬೇಕು.

ಮಗು ಬಾಯಿಬಿಟ್ಟು ಹೇಳಿದರೆ ಏನು ಮಾಡಬೇಕು? ಮೊದಲು ನಂಬಿ. ‘ನೀನೇ ಏನಾದರೂ ಮಾಡಿರಬೇಕು’ ಅನ್ನಬೇಡಿ. ಒಂದೇ ಪ್ರಶ್ನೆಯನ್ನು ಹತ್ತು ಜನ ಹತ್ತು ಸಲ ಕೇಳಬೇಡಿ. ‘ಯಾರಿಗೂ ಹೇಳಲ್ಲ’ ಅಂತ ಭಾಷೆ ಕೊಡಬೇಡಿ, ಯಾಕೆಂದರೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಪ್ರತಿಯೊಬ್ಬರ ಹೊಣೆ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ. ಮನಸ್ಸಿನ ವಿಷಯ ಮಾತಾಡಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೇ ಪ್ರತ್ಯೇಕ ವಿಭಾಗವಿದೆ.

ಹಿಂಸೆ ನಿಂತು, ಆಪ್ತಸಮಾಲೋಚನೆ ಶುರುವಾದ ಮೇಲೂ ತೂಕ ಕೂಡಲೇ ಇಳಿಯುವುದಿಲ್ಲ. ಇಲ್ಲಿ ಮನೆಯವರು ತಾಳ್ಮೆ ಕಳೆದುಕೊಂಡು ಮತ್ತೆ ಹಳೆಯ ಮಾತಿಗೆ ಮರಳುವುದುಂಟು. ತೂಕಕ್ಕಿಂತ ಮುಂಚೆ ಬೇರೆ ಗುರುತುಗಳು ಕಾಣುತ್ತವೆ, ಅವನ್ನು ನೋಡಿ. ಮಗು ರಾತ್ರಿ ಪೂರ್ತಿ ಮಲಗುತ್ತಿದೆಯಾ? ಸೋಮವಾರ ಬೆಳಗಿನ ಹೊಟ್ಟೆನೋವು ಕಮ್ಮಿಯಾಗಿದೆಯಾ? ಎಲ್ಲರ ಜೊತೆ ಕೂತು ಉಣ್ಣುತ್ತಿದೆಯಾ? ಗೆಳೆಯರ ಹೆಸರು ಮತ್ತೆ ಬಾಯಲ್ಲಿ ಬರುತ್ತಿದೆಯಾ? ಇವು ಸರಿಹೋಗುತ್ತಾ ಬಂದರೆ ಚಿಕಿತ್ಸೆ ಕೆಲಸ ಮಾಡುತ್ತಿದೆ ಅಂತಲೇ ಲೆಕ್ಕ. ತೂಕದ ಮೆಷಿನ್ನನ್ನು ಆಗ ಮೂರು ತಿಂಗಳಿಗೊಮ್ಮೆ, ಡಾಕ್ಟರ ಕೋಣೆಯಲ್ಲಿ ಹತ್ತಿದರೂ ಸಾಕು.